ಹಂಪಕ್ಕ ಹೊಲಿದ ನಡುಕಟ್ಟು

ಗುಡಿಬಂಡೆ (ಮಡಕಶಿರ)
2-2-2009, ಸೋಮವಾರ

ಪ್ರೀತಿಯ ಭಾವನಿಗೆ,

ರೇವತಿ ಮಾಡುವ ನಮಸ್ಕಾರ. ‘ಪ್ರೀತಿಯ’ ಅಂತ ರೂಢಿಯ ಮೇಲೆ ಬರೆದೆ. ಮುಂದಿನದೆಲ್ಲ ಸಿಟ್ಟಿನ ಮಾತೇ, ಮೊದಲೇ ಹೇಳಿಬಿಡುತ್ತೇನೆ. ನೀನು ಹೇಗಿದ್ದೀಯ? ಉಲ್ಲಾಸನಗರದಲ್ಲಿ ಚಳಿ ಇದೆಯಾ? ಪ್ಯಾಂಟು ತೊಳೆಯುವ ಔಷಧಿ ನೀರಿಗೆ ನಿನ್ನ ಬೆರಳ ಸಂದುಗಳು ಬಿರಿದಿದ್ದವು, ಯುಗಾದಿಗೆ ಬಂದಾಗ ನೋಡಿದ್ದೆ, ಈಗ ಮಾಗಿವೆಯಾ? ತೊಟ್ಟಿಗೆ ಕೈ ಹಾಕುವ ಮೊದಲು ಕೊಬ್ಬರಿ ಎಣ್ಣೆ ಹಚ್ಚಿಕೊ. ಇಲ್ಲಿ ಮಗುವಿಗೆ ಇವತ್ತಿಗೆ ಇಪ್ಪತ್ತೆಂಟು ದಿನ. ಚೆನ್ನಾಗಿ ಹಾಲು ಕುಡಿಯುತ್ತಾನೆ, ಚೆನ್ನಾಗಿ ಮಲಗುತ್ತಾನೆ, ಮೂಗು ನಿನ್ನದೇ. ರೇಖಾ ತನ್ನ ತಮ್ಮನಿಗೆ ‘ಗಿರಾಕಿ’ ಅಂತ ಹೆಸರಿಟ್ಟಿದ್ದಾಳೆ. ಹೊತ್ತುಹೊತ್ತಿಗೆ ಹಾಲು ಕೇಳುತ್ತಾನಲ್ಲ, ತಾತನ ಹೋಟೆಲಿನ ಗಿರಾಕಿಗಳ ಹಾಗೆ. ರಾಯದುರ್ಗದಲ್ಲಿ ಅತ್ತೆಯ ಎದುರು ನಿನಗೆ ‘ಬರ್ರಿ, ಕುಂದರ್ರಿ’ ಅಂದು ಅಂದು ಐದು ವರ್ಷ ಕಳೆದೆ. ಗಂಡ ಆಗುವ ಮೊದಲು ನೀನು ನನ್ನ ಸೋದರತ್ತೆಯ ಮಗ, ಬೇಸಿಗೆ ರಜಕ್ಕೆ ಇಲ್ಲಿಗೆ ಬಂದರೆ ಗೋಲಿಯಲ್ಲಿ ಮೋಸ ಮಾಡುತ್ತಿದ್ದವನು, ಅದಕ್ಕೆ ನಿನ್ನ ಮೊಣಕೈ ಕಚ್ಚಿದ್ದವಳು ನಾನು. ಈ ಕಾಗದದಲ್ಲಿ ನೀನು ಅಂತಲೇ ಬರೆಯುತ್ತೇನೆ.

ನನ್ನ ಆರೋಗ್ಯವನ್ನು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಅದಕ್ಕಿಂತ ಮೊದಲು ಕಳೆದ ವಾರದ ಭಾನುವಾರ, ಜನವರಿ ಇಪ್ಪತ್ತೈದರ ಮಾತು. ಅವತ್ತು ಹತ್ತು ಗಂಟೆಗೆ ನೀನು ಅಪ್ಪನ ಹೋಟೆಲಿಗೆ ಫೋನ್ ಮಾಡಿದೆ. ಒಳಗೆ ಆರು ಜನ ಟೀ ಕುಡಿಯುತ್ತಿದ್ದರು. ನಿನ್ನ ಗಂಟಲು ಎಷ್ಟು ದೊಡ್ಡದು ಅಂದರೆ ಅಷ್ಟೂ ಜನಕ್ಕೆ ಕೇಳಿಸಿತಂತೆ: “ಮಾವ, ಹೆಂಗೂ ಎಲ್ಡು ಮಕ್ಕಳಾದವು. ಅವ್ವ ಹೇಳಿದಂಗ ಅದನ್ನ ತೆಗೆಸಿಬಿಡ್ರಿ, ಪೀಡಾ ಹೋಗ್ಲಿ.” ಅಪ್ಪ ಒಂದು ಕೈಯಲ್ಲಿ ಹಾಲಿನ ಸೌಟು ಹಿಡಿದುಕೊಂಡು “ಆಗ್ಲಪ್ಪ, ನೋಡಾಣ” ಅಂದು ಫೋನ್ ಇಟ್ಟರಂತೆ. ಆಮೇಲೆ ಒಳಗೆ ಬಂದು ಬಾಗಿಲ ಹತ್ತಿರ ನಿಂತು, ಮುಖಕ್ಕೆ ಪೇಪರ್ ಅಡ್ಡ ಹಿಡಿದು, ಆ ಪೇಪರಿಗೆ ಹೇಳುವ ಹಾಗೆ ಹೇಳಿದರು: “ರಾಮಾಂಜಿ ಏನೋ ಅಂದ ಕಣಮ್ಮ, ಆಪರೇಷನ್ ಗೀಪರೇಷನ್ ಅಂತ. ನಂಗೆ ಸರಿಯಾಗಿ ಕೇಳಿಸಲಿಲ್ಲ ಬಿಡು.” ಕೇಳಿಸಿತ್ತು. ಹೋಟೆಲಿನ ಆರು ಜನಕ್ಕೂ ಕೇಳಿಸಿತ್ತು. ಮಧ್ಯಾಹ್ನದೊಳಗೆ ಬೀದಿಯ ಹೆಂಗಸರು ಬಂದು ನನ್ನನ್ನು ಕೇಳಿಯೂ ಆಗಿತ್ತು. ನನ್ನ ಮೈಯೊಳಗಿನ ಒಂದು ಅಂಗದ ವಿಷಯವನ್ನು ನೀನು ನನಗೆ ಬಿಟ್ಟು ಮಿಕ್ಕ ಎಲ್ಲರಿಗೂ ಹೇಳಿದೆ. ಅದಕ್ಕೇ ಈ ಕಾಗದ. ಫೋನಿನಲ್ಲಿ ಈ ಮಾತು ಆಗುವುದಿಲ್ಲ. ನಿನ್ನ ಕಡೆ ಸೇಠ್ ನಿಂತಿರುತ್ತಾನೆ, ನನ್ನ ಕಡೆ ಗಿರಾಕಿಗಳಿರುತ್ತಾರೆ, ನೀನು ಹೂಂ ಹೂಂ ಅಂದು ಇಟ್ಟುಬಿಡುತ್ತೀಯ.

ಅದೇನೋ ಪೀಡೆ ಅಂದೆಯಲ್ಲ, ಅದು ಹೇಗೆ ಬಂತು ಅಂತ ನಿನಗೆ ಗೊತ್ತಿರಬೇಕು. ರೇಖಾ ಹುಟ್ಟಿದ್ದು 2004ರ ಆಗಸ್ಟ್ ಹದಿನೆಂಟರಂದು, ರಾಯದುರ್ಗದಲ್ಲಿ, ನಿಮ್ಮ ಮನೆಯಲ್ಲಿ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು. ನಮ್ಮಮ್ಮ ಇರಲಿಲ್ಲ. ಅತ್ತೆ “ಈ ಹಂಪಕ್ಕ ಬದುಕಿರುವಾಗ ನಿನಗ ಬ್ಯಾರೆ ತವರು ಯಾಕ? ಅತ್ತೀನೂ ನಾನ, ಅವ್ವನೂ ನಾನ” ಅಂದರು. ಪ್ರೀತಿಯಿಂದಲೇ ಅಂದರು, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆಸ್ಪತ್ರೆ ನಡೆದರೆ ಹತ್ತು ನಿಮಿಷ. ಆದರೂ ಸೂಲಗಿತ್ತಿ ದ್ರಾಕ್ಷಾಯಣಮ್ಮನನ್ನು ಕರೆಸಿದರು. ಆಕೆ ಬೆಳಿಗ್ಗೆ ಆರಕ್ಕೆ ಬಂದವಳು, ಬಂದ ಗಳಿಗೆಯಿಂದ “ತಿಣುಕು, ತಿಣುಕು” ಅನ್ನತೊಡಗಿದಳು. ದಾರಿ ಇನ್ನೂ ತೆರೆದಿರಲಿಲ್ಲ, ಅದು ನನಗೆ ಈಗ ಗೊತ್ತು, ಆಗ ಗೊತ್ತಿರಲಿಲ್ಲ. ಮಧ್ಯಾಹ್ನ ಮೂರರವರೆಗೆ ತಿಣುಕಿದೆ. ಕೊನೆಕೊನೆಗೆ ಆಕೆ ಹೊಟ್ಟೆಯ ಮೇಲೆ ಮೊಣಕೈ ಊರಿ ಕೆಳಕ್ಕೆ ನೂಕಿದಳು. ನೀನು ಹೊರಗೆ ಕಟ್ಟೆಯ ಮೇಲೆ ಕೂತು ಮಗು ಅತ್ತಿದ್ದು ಕೇಳಿದೆ. ಅದಕ್ಕಿಂತ ಮುಂಚಿನ ಒಂಬತ್ತು ಗಂಟೆ ಏನು ಕೇಳಿಸಿತೋ ನಾನು ಇವತ್ತಿನವರೆಗೂ ಕೇಳಿಲ್ಲ.

ಮೂರನೇ ದಿನ ನಡುಕಟ್ಟು ಕಟ್ಟಿದರು. ನಮ್ಮ ಮಡಕಶಿರದ ಕಡೆಯೂ ಬಾಣಂತಿಗೆ ಹೊಟ್ಟೆ ಕಟ್ಟುತ್ತಾರೆ, ಹಳೆಯ ಸೀರೆಯಲ್ಲಿ. ಅದು ಮೆತ್ತಗೆ, ಗಳಿಗೆಗೊಮ್ಮೆ ಸಡಿಲ ಆಗುತ್ತದೆ. ಅತ್ತೆಗೆ ಆ ಸಡಿಲವೇ ಆಗದು. ಜೀನ್ಸ್ ಊರಲ್ಲಿ ಮೂವತ್ತು ವರ್ಷ ಮಿಷನ್ ತುಳಿದವರು, ಕಟಿಂಗ್‌ನಲ್ಲಿ ಉಳಿದ ದಪ್ಪ ಬಟ್ಟೆಯಿಂದ ತಾವೇ ಒಂದು ನಡುಕಟ್ಟು ಕಂಡುಹಿಡಿದಿದ್ದರು. ಒಂದು ಗೇಣು ಅಗಲ, ಎರಡು ಪದರ, ಕಿತ್ತಳೆ ದಾರದ ಜೋಡಿ ಹೊಲಿಗೆ, ಪ್ಯಾಂಟಿಗೆ ಹಾಕುವ ಹಿತ್ತಾಳೆ ಗುಂಡಿ ಐದು. ಚೆಂದಕ್ಕೆ ಅಂತ ಮೂಲೆಯಲ್ಲಿ ಒಂದು ಲೇಬಲ್ ಬೇರೆ. ನಾನು ಮಂಚದ ಮೇಲೆ ಮಲಗಿದ್ದೆ, ಒಂದು ತುದಿ ಅತ್ತೆ ಹಿಡಿದರು, ಇನ್ನೊಂದು ತುದಿ ನಿನ್ನ ತಂಗಿ ಪವಿತ್ರ. ಅವಳಿಗಾಗ ಹದಿನೇಳು. “ಎಳಿಯೇ ಪವಿ, ಮಂಚಕ್ಕ ಕಾಲು ಕೊಟ್ಟು ಎಳಿ, ನಿನಗೇನು ಕೈಯಾಗ ಜೀವ ಇಲ್ಲೇನು?” ಅಂದರು ಅತ್ತೆ. ಪವಿತ್ರ ಎಳೆದಳು. ಗುಂಡಿ ಹಾಕಿದ ಮೇಲೆ ನನಗೆ ಪೂರ್ತಿ ಉಸಿರು ಎಳೆದುಕೊಳ್ಳಲು ಆಗಲಿಲ್ಲ. “ನೋಡು, ಹಿಂಗ ನಲವತ್ತು ದಿನ ಇದ್ದರ ಹೊಟ್ಟಿ ಬರಂಗಿಲ್ಲ, ಗಾಳಿ ತುಂಬಂಗಿಲ್ಲ, ಮದುವಿ ಹುಡುಗಿ ಹಂಗ ಕಾಣ್ತಿ” ಅಂದರು. ಬೀದಿಯಲ್ಲಿ ಯಾರು ಬಸುರಿಯಾದರೂ ಅತ್ತೆಯ ಮನೆಗೆ ಬಂದು ಅಳತೆ ಕೊಟ್ಟು ಹೋಗುತ್ತಿದ್ದರು. ನಾನು ಎಣಿಸಿದಂತೆ ನನ್ನದು ಹನ್ನೊಂದನೆಯದು.

ಇಪ್ಪತ್ತೆರಡನೇ ದಿನಕ್ಕೆ ಮಿಷನ್ ಮೇಲೆ ಕೂತೆ. ಸಂಜೀವಪ್ಪನವರ ಯೂನಿಟ್ಟಿಗೆ ದಸರೆಯ ಮಾಲು ಬಂದಿತ್ತು, ಕೈ ಸಾಲದು ಅಂತ ಅವರು ಮನೆಗೇ ಬಂದು ಹೇಳಿದರು. ನೀನು ಎದುರಿಗೇ ಇದ್ದೆ. ಬಾಣಂತಿ ಅಂತ ಒಂದು ಮಾತು ನಿನ್ನ ಬಾಯಿಂದ ಬರಲಿಲ್ಲ. ನಡುಕಟ್ಟು ಕಟ್ಟಿಕೊಂಡೇ ಕೂತೆ. ಕರೆಂಟ್ ಇದ್ದರೆ ಮೋಟರು, ಹೋದರೆ ಕಾಲು. ಮೂವತ್ತೊಂದನೇ ದಿನ ಆಟೋದಿಂದ ಪ್ಯಾಂಟಿನ ಗಂಟು ಇಳಿಸಿ ಮಹಡಿಗೆ ಹೊತ್ತುಕೊಂಡು ಹೋಗುವಾಗ, ಏಳನೇ ಮೆಟ್ಟಿಲ ಮೇಲೆ, ಒಳಗಿನಿಂದ ಏನೋ ಜಾರಿ ಕೆಳಗೆ ಬಂತು. ನೋವು ಅಷ್ಟಿರಲಿಲ್ಲ. ಭಯ ಆಯಿತು. ಕೂತರೆ ನಿಂಬೆಹಣ್ಣಿನ ಮೇಲೆ ಕೂತ ಹಾಗೆ. ಅತ್ತೆಗೆ ಹೇಳಿದೆ. ಅವರು ಗಾಬರಿ ಆಗಲಿಲ್ಲ, ಬಯ್ಯಲೂ ಇಲ್ಲ. “ಹೌದಾ? ಹಂಗಾದ್ರ ಇನ್ನೊಂದು ಗುಂಡಿ ಬಿಗಿ ಮಾಡೂಣು” ಅಂದರು. ಮಾಡಿದರು. ಭಾವ, ಈ ಒಂದು ಮಾತನ್ನು ಎರಡು ಸಲ ಓದು. ಮೇಲಿನಿಂದ ಬಿಗಿದದ್ದಕ್ಕೆ ಕೆಳಗೆ ಜಾರಿದ್ದು. ಜಾರಿತು ಅಂತ ಮತ್ತಷ್ಟು ಬಿಗಿದರು.

ಅದೇ ವಾರ ನಿನಗೂ ಹೇಳಿದೆ. ನೀನು ಮುಖ ಸಣ್ಣದು ಮಾಡಿ “ಹೆಣ್ಣುಮಕ್ಕಳ ಸುದ್ದಿ ನನಗ ಹೇಳಬ್ಯಾಡ, ಅವ್ವಗ ಹೇಳು” ಅಂದೆ. ಅವ್ವನಿಗೆ ಹೇಳಿ ಆಗಿತ್ತಲ್ಲ. ಆಮೇಲೆ ನಾಲ್ಕು ವರ್ಷ ಅದರ ಜೊತೆಯಲ್ಲೇ ಬದುಕಿದೆ. ಬೆಳಿಗ್ಗೆ ಒಳಗಿರುತ್ತಿತ್ತು, ಸಂಜೆಗೆ ಹೊರಗೆ. ಬಚ್ಚಲಿಗೆ ಹೋದರೆ ಕೈಯಿಂದ ಒಳಕ್ಕೆ ತಳ್ಳಿಕೊಂಡರೆ ಮಾತ್ರ ಮೂತ್ರ ಆಗುತ್ತಿತ್ತು. ಕೆಮ್ಮಿದರೆ ಸೀರೆ ಒದ್ದೆ. ನೀನು 2006ರಲ್ಲಿ ಉಲ್ಲಾಸನಗರಕ್ಕೆ ಹೋದಮೇಲೆ ಯೂನಿಟ್ಟಿನ ಹೆಂಗಸರ ಹತ್ತಿರ ಬಾಯಿಬಿಟ್ಟೆ. ನಮ್ಮ ಕೋಣೆಯಲ್ಲಿ ಹದಿನಾಲ್ಕು ಮಿಷನ್, ಹದಿನಾಲ್ಕು ಜನ. ನನ್ನನ್ನೂ ಸೇರಿಸಿ ಐದು ಜನಕ್ಕೆ ಇತ್ತು. ಅವರಿಗೆ ಅದು ನಗೆಚಾಟಿಕೆ ಆಗಿಹೋಗಿತ್ತು. “ಇವತ್ತು ನಮ್ಮ ನೆಂಟರು ಹೊರಗ ಕಟ್ಟಿಗೆ ಬಂದು ಕುಂತಾರ ನೋಡ್ರಿ” ಅಂತ ಒಬ್ಬಾಕೆ ಅಂದರೆ, “ನಮ್ಮೋರು ಬಾಗಿಲಾಗ ನಿಂತಾರವ್ವ, ಒಳಗ ಹೋಗ್ರಿ ಅಂದ್ರ ಮಾತು ಕೇಳವಲ್ಲರು” ಅಂತ ಇನ್ನೊಬ್ಬಾಕೆ. ನಾನೂ ನಕ್ಕಿದ್ದೇನೆ. ನಗದೆ ಹದಿನಾಲ್ಕು ಜನ ಅಳುತ್ತ ಕೂತರೆ ಪ್ಯಾಂಟು ಹೊಲಿಯುವವರು ಯಾರು? ಆದರೆ ಒಬ್ಬರೂ ಡಾಕ್ಟರ ಹತ್ತಿರ ಹೋಗಿರಲಿಲ್ಲ. ಆ ಐದರಲ್ಲಿ ಮೂರು ಜನ ಅತ್ತೆಗೆ ನಡುಕಟ್ಟಿನ ಅಳತೆ ಕೊಟ್ಟವರು. ಆಗ ನಾನು ಈ ಎರಡನ್ನೂ ಸೇರಿಸಿ ನೋಡಲಿಲ್ಲ. ಅದು ನನ್ನ ದಡ್ಡತನ.

ಹೋದ ವರ್ಷ ಯುಗಾದಿಗೆ ನೀನು ಬಂದೆ. ರಾತ್ರಿ ನಾನು ಬೇಡ ಅಂದೆ, ಕಾರಣವನ್ನೂ ಹೇಳಿದೆ. “ಎಲ್ಡು ವರ್ಷಕ್ಕ ಒಂದು ಸಲ ಬಂದೀನಿ, ಅದಕ್ಕೂ ಬ್ಯಾಡ ಅಂತೀಯಲ್ಲ” ಅಂದೆ ನೀನು. ಅದಾದ ಮೇಲೆ ಏನು ಅಂದೆ ಅಂತ ನಿನಗೆ ನೆನಪಿಲ್ಲದಿರಬಹುದು. ಪಕ್ಕಕ್ಕೆ ಹೊರಳಿ, ನಗುತ್ತಲೇ, “ಡ್ಯಾಮೇಜ್ ಪೀಸು ಆಗೀಯಲ್ಲೇ” ಅಂದೆ. ಆ ಮಾತನ್ನು ನಾನು ಯಾರಿಗೂ ಹೇಳಿಲ್ಲ, ಪವಿತ್ರಳಿಗೂ ಇಲ್ಲ. ಒಂದು ವಿಷಯ ಹೇಳುತ್ತೇನೆ, ನೀನೂ ಮೊದಲು ಹೊಲಿಗೆಯವನೇ. ಚೆಕಿಂಗ್‌ನಲ್ಲಿ ಪೀಸು ಡ್ಯಾಮೇಜ್ ಬಂದರೆ ಪೀಸನ್ನು ಯಾರೂ ಬಯ್ಯುವುದಿಲ್ಲ. ಹೊಲಿದವರು ಯಾರು, ಕತ್ತರಿಸಿದವರು ಯಾರು ಅಂತ ನಂಬರ್ ನೋಡಿ ಕರೆಯುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಪೀಸಿಗೇ ಬಯ್ಗುಳ.

ನೀನು ವಾಪಸು ಹೋದೆ, ನಾನು ಬಸುರಿಯಾದೆ. ಜೂನ್ ಕೊನೆಯ ವಾರ, ಮೂರನೇ ತಿಂಗಳು. ಒಂದು ದಿನ ಬೆಳಿಗ್ಗೆ ಅದು ಪೂರ್ತಿ ಹೊರಗೆ ಬಂದಿತ್ತು, ತಳ್ಳಿದರೂ ಒಳಗೆ ಹೋಗಲಿಲ್ಲ. ಉಜ್ಜಿ ಉಜ್ಜಿ ಹುಣ್ಣಾಗಿತ್ತು. ಮಧ್ಯಾಹ್ನದವರೆಗೆ ಮೂತ್ರ ಬರಲೇ ಇಲ್ಲ, ಹೊಟ್ಟೆ ಕಲ್ಲಿನಂತೆ ಆಯಿತು. ಅತ್ತೆ ಜೀರಿಗೆ ಕಷಾಯ ಕೊಟ್ಟು “ಮಲಗಿದ್ರ ಇಳೀತೈತಿ, ಬಸುರಾಗ ಇದೆಲ್ಲ ಇರೂದ” ಅಂದರು. ನಾನು ರೇಖಾಳನ್ನು ಎತ್ತಿಕೊಳ್ಳದೆ, ಕೈ ಹಿಡಿದು ನಡೆಸಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಆಸ್ಪತ್ರೆಗೆ ಹೋಗಬೇಕು ಅನ್ನುವುದಕ್ಕಿಂತ ಅಪ್ಪನ ಹತ್ತಿರ ಹೋಗಬೇಕು ಅನ್ನುವುದೇ ತಲೆಯಲ್ಲಿತ್ತು. ಅದೂ ತಪ್ಪೇ, ಹತ್ತಿರದ ಆಸ್ಪತ್ರೆ ಬಿಟ್ಟು ಅಷ್ಟು ದೂರ ಬಂದದ್ದು. ಕಲ್ಯಾಣದುರ್ಗದಲ್ಲಿ ಬಸ್ ಬದಲಿಸುವಾಗ ಒಬ್ಬ ಮುದುಕಿ ನನ್ನ ಮುಖ ನೋಡಿ ತೆಲುಗಿನಲ್ಲಿ “ಏಮಯ್ಯಿಂದಿ ತಲ್ಲಿ?” ಅಂದಳು. ಏನಾಗಿದೆ ತಾಯಿ ಅಂತ ಅಷ್ಟೇ. ಆ ದಿನ ನನ್ನನ್ನು ಹಾಗೆ ಕೇಳಿದವಳು ಅವಳೊಬ್ಬಳೇ. ನಾನು ಬಸ್ಸಿನಲ್ಲಿ ಅತ್ತುಬಿಟ್ಟೆ.

ಬಸ್ ಹತ್ತುವ ಮೊದಲು ಹೋಟೆಲಿಗೆ ಫೋನ್ ಮಾಡಿದ್ದೆ, ಮಡಕಶಿರದಲ್ಲಿ ಅಪ್ಪ ಆಟೋ ತಂದು ನಿಂತಿದ್ದರು. ಅಲ್ಲಿಂದ ಸೀದಾ ಹಿಂದೂಪುರ. ಅಲ್ಲಿಯ ಡಾಕ್ಟರಮ್ಮ ಮೊದಲು ನಳಿಕೆ ಹಾಕಿ ಮೂತ್ರ ತೆಗೆದರು. ಆಮೇಲೆ ಒಂದು ವಾರ ಔಷಧಿಯ ಬಟ್ಟೆ ಇಟ್ಟು ಹುಣ್ಣು ಮಾಗಿಸಿ, ಗರ್ಭಕೋಶವನ್ನು ಮೇಲಕ್ಕೆ ಸರಿಸಿ, ಅದು ಕೆಳಗೆ ಬರದಂತೆ ಒಂದು ರಬ್ಬರ್ ಉಂಗುರ ಇಟ್ಟರು. ನಾನು ಮೊದಲ ಸಲ ಅದರ ಹೆಸರನ್ನು ಒಬ್ಬರ ಬಾಯಲ್ಲಿ ನಾಚಿಕೆಯಿಲ್ಲದೆ ಕೇಳಿದೆ. ಗರ್ಭಕೋಶ ಜಾರುವುದು ಅಂತ. ಅದನ್ನು ಹಿಡಿದಿರುವ ಕಟ್ಟುಗಳು, ತಳದ ಮಾಂಸ ಸಡಿಲವಾದರೆ ಹೀಗಾಗುತ್ತದೆ, ಮಗು ಬೆಳೆದಂತೆ ಗರ್ಭಕೋಶ ತಾನೇ ಮೇಲಕ್ಕೆ ಏರುತ್ತದೆ, ಐದನೇ ತಿಂಗಳಾದ ಮೇಲೆ ಉಂಗುರ ಬೇಕಾಗುವುದಿಲ್ಲ, ಅಲ್ಲಿಯವರೆಗೆ ಮಲಗಿರು, ಮಂಚದ ಕಾಲಿನ ಕಡೆ ಎತ್ತರ ಇರಲಿ ಅಂದರು. ಮನೆಗೆ ಬಂದ ಸಂಜೆಯೇ ಅಪ್ಪ ನಾಲ್ಕು ಇಟ್ಟಿಗೆ ತಂದು ಕಾಲಿನ ಕಡೆಗೆ ಎರಡೆರಡು ಇಟ್ಟರು. ಇಟ್ಟು, ದೂರ ನಿಂತು, ಗೋಡೆ ಕಟ್ಟುವವರ ಹಾಗೆ ಒಂದು ಕಣ್ಣು ಮುಚ್ಚಿ ಮಟ್ಟ ನೋಡಿದರು. ಡಾಕ್ಟರಮ್ಮ ಹೇಳಿದ್ದನ್ನು ನನಗೆ ಬಾಯಿಬಿಟ್ಟು ಹೇಳಲು ಅವರಿಗೆ ಆಗಲಿಲ್ಲ. ಹೋಟೆಲಿನಲ್ಲಿ ತಿಂಡಿಯ ಹೆಸರು ಬರೆಯುವ ಸೀಮೆಸುಣ್ಣದಲ್ಲಿ ಅಡಿಗೆಮನೆ ಬಾಗಿಲ ಮೇಲೆ ಬರೆದುಬಿಟ್ಟರು: ‘ಬಿಂದಿಗೆ ಎತ್ತಬಾರದು. ಕುಕ್ಕರಗಾಲಲ್ಲಿ ಕೂರಬಾರದು. ಮಗುವನ್ನು ಎತ್ತಬಾರದು.’ ಅದರ ಮೇಲುಗಡೆ ಹಳೆಯದು ‘ಇಡ್ಲಿ ಇಲ್ಲ’ ಅಂತ ಇದ್ದದ್ದು ಹಾಗೇ ಉಳಿಯಿತು. ಆರು ತಿಂಗಳು ನಮ್ಮ ಮನೆಯ ನೀರು ಹೊತ್ತವರು ಅರವತ್ತೆರಡು ವರ್ಷದ ನಿನ್ನ ಮಾವ ಮೂಡಲಗಿರಿಯಪ್ಪ. ಬೀದಿಯ ನಲ್ಲಿಯಲ್ಲಿ ಹೆಂಗಸರು “ಏನು ಗಿರಿಯಪ್ಪಣ್ಣ, ನೀನೇ ಬಸುರಿಗಿಸುರಿ ಆಗಿದ್ದೀಯ?” ಅಂದರೆ “ಹೂಂ ಕಣ್ರಮ್ಮ, ನಂಗೆ ಹುಳಿ ತಿನ್ನೋ ಆಸೆ ಆಗೈತೆ” ಅಂದು ಬಿಂದಿಗೆ ತುಂಬಿಸಿಕೊಂಡು ಬರುತ್ತಿದ್ದರು.

ಹೆರಿಗೆ ಆದದ್ದು ಜನವರಿ ಆರನೇ ತಾರೀಕು, ಮಂಗಳವಾರ. ಬೆಳಿಗ್ಗೆ ನೋವು ಶುರುವಾಗಿ ಒಂದು ಗಂಟೆಗೆಲ್ಲ ಗರ್ಭಕೋಶದ ಬಾಯಿ ಮಗುವಿಗಿಂತ ಮೊದಲು ಹೊರಗೆ ಬಂತು, ಊದಿಕೊಂಡು. ಇಲ್ಲಿಯ ನರ್ಸಮ್ಮ ನೋಡಿದ್ದೇ ತಡ 108ಕ್ಕೆ ಫೋನ್ ಮಾಡಿದಳು. ಹಿಂದೂಪುರದಲ್ಲಿ ಡಾಕ್ಟರಮ್ಮ ಊದಿದ್ದು ಇಳಿಯಲು ಉಪ್ಪಿನಂಥ ಔಷಧಿ ನೀರಿನ ಬಟ್ಟೆ ಇಟ್ಟು, ನನ್ನ ಮುಖದ ಹತ್ತಿರ ಬಗ್ಗಿ, “ಈಗ ತಿಣುಕಬೇಡ. ನಾನು ಹೇಳೋವರೆಗೂ ತಿಣುಕಬೇಡ. ಬಾಯಿ ತೆರೆದು ಉಸಿರು ಬಿಡು” ಅಂದರು. ನಾನು ಅವರ ಮುಖವನ್ನೇ ನೋಡಿದೆ. ಮೊದಲ ಸಲ ಒಂಬತ್ತು ಗಂಟೆ ತಿಣುಕಿಸಿದ್ದರಲ್ಲ, ಬೇಡ ಅನ್ನುವ ಮಾತೂ ಹೆರಿಗೆಯಲ್ಲಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಊತ ಇಳಿಯದಿದ್ದರೆ ಹೊಟ್ಟೆ ಕೊಯ್ಯಬೇಕು, ಬಾಯಿ ಹರಿದರೆ ರಕ್ತ ನಿಲ್ಲುವುದಿಲ್ಲ ಅಂತ ಅಪ್ಪನಿಗೆ ಹೇಳಿ ಸಹಿ ಮಾಡಿಸಿಕೊಂಡರು. ಇಬ್ಬರಲ್ಲಿ ಒಬ್ಬರು ಉಳಿಯುವುದು ಅನುಮಾನ ಅಂತ ಅಪ್ಪ ಅರ್ಥ ಮಾಡಿಕೊಂಡರಂತೆ, ಆಮೇಲೆ ಹೇಳಿದರು. ನಾಲ್ಕೂವರೆಗೆ ಡಾಕ್ಟರಮ್ಮ “ಈಗ” ಅಂದರು. ನಾಲ್ಕು ಐವತ್ತಕ್ಕೆ ಮಗು. ಅವತ್ತು ಅಪ್ಪ ನಿನಗೆ ಫೋನಿನಲ್ಲಿ ‘ಗಂಡು, ಇಬ್ಬರೂ ಚೆನ್ನಾಗಿದ್ದಾರೆ’ ಅಂದದ್ದು ಇಷ್ಟನ್ನೂ ನುಂಗಿಕೊಂಡು.

ಮೂರನೇ ದಿನ ಅತ್ತೆ ಆಸ್ಪತ್ರೆಗೆ ಬಂದರು. ಮೊಮ್ಮಗನನ್ನು ನೋಡಿ ದೃಷ್ಟಿ ತೆಗೆದರು, ನನ್ನ ತಲೆ ಸವರಿದರು, ಆಮೇಲೆ ಚೀಲದಿಂದ ಹೊಸ ನಡುಕಟ್ಟು ತೆಗೆದರು. ಈ ಸಲ ಏಳು ಗುಂಡಿ. “ನಿನಗಂತ ಗಟ್ಟಿ ಬಟ್ಟಿ ಹುಡುಕಿ ಹೊಲದೀನಿ, ಏಳು” ಅಂದರು. ನಾನು ಬೇಡ ಅಂದೆ. “ಬ್ಯಾಡ ಅಂದ್ರ? ಹೊಟ್ಟಿ ಜೋಲು ಬೀಳಲೇನು?” ಅಂತ ಕಟ್ಟಲಿಕ್ಕೆ ಬಗ್ಗಿದರು. ನಾನು ಅವರ ಎರಡೂ ಮುಂಗೈ ಹಿಡಿದುಕೊಂಡೆ. ಜೀವನದಲ್ಲಿ ಮೊದಲ ಸಲ ಅತ್ತೆಯ ಕೈ ತಡೆದದ್ದು. ಆ ಹೊತ್ತಿಗೆ ಡಾಕ್ಟರಮ್ಮ ರೌಂಡ್ಸಿಗೆ ಬಂದರು. ನಡುಕಟ್ಟನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ನೋಡಿ, ಎಳೆದು ನೋಡಿ, “ಯಾರಮ್ಮ ಹೊಲಿದದ್ದು?” ಅಂದರು. “ನಾನ್ರೀ. ಹೊಲಿಗಿ ಹೆಂಗೈತ್ರೀ?” ಅಂದರು ಅತ್ತೆ, ಹೆಮ್ಮೆಯಿಂದ. ಡಾಕ್ಟರಮ್ಮ ಬಯ್ಯಲಿಲ್ಲ. “ಹೊಲಿಗೆ ಚೆನ್ನಾಗಿದೆ. ಒಂದು ಚೀಲದ ತಳ ಹರಿದಿದೆ ಅಂತಿಟ್ಟುಕೊಳ್ಳಿ, ನೀವು ಅದನ್ನು ನಡುವಿಗೆ ಹಿಡಿದು ಹಿಂಡಿದರೆ ಒಳಗಿನದು ಎಲ್ಲಿಗೆ ಹೋಗುತ್ತೆ?” ಅಂದರು. ಆಮೇಲೆ ಅತ್ತೆಯನ್ನೇ ನೋಡಿ “ನಿಮಗೂ ಇದೆಯಾ?” ಅಂತ ಕೇಳಿದರು. ಅತ್ತೆ ನಕ್ಕರು ಭಾವ. “ಯಾರಿಗಿಲ್ರೀ ಅದು?” ಅಂದರು. ನಿಮ್ಮ ತಾಯಿಗೆ ಅಂತ ಡಾಕ್ಟರಮ್ಮ ಕೇಳಿದರೆ ಇತ್ತು, ಅಜ್ಜಿಗೆ ಅಂತ ಕೇಳಿದರೆ ಅವರಿಗೂ ಇತ್ತು, ಅದಕ್ಕೇ ಕಚ್ಚೆ ಬಿಗಿದು ಉಡುತ್ತಿದ್ದರು ಅಂದರು. ಅತ್ತೆಯ ಮೇಲೆ ನನಗಿದ್ದ ಸಿಟ್ಟು ಅಲ್ಲೇ ಅರ್ಧ ಮುರಿಯಿತು. ನನಗಿಂತ ಹೆಚ್ಚು ವರ್ಷ ಅದನ್ನು ಹೊತ್ತವರು ಅವರು. ಉಳಿದ ಅರ್ಧ ಮಾತ್ರ ಹಾಗೇ ಇದೆ, ಯಾಕೆಂದರೆ ಮಾರನೇ ದಿನವೇ ಅತ್ತೆ “ಕಟ್ಟೂದು ಬ್ಯಾಡ ಅಂದಮ್ಯಾಲ ತೆಗೆಸೂದ ಒಳ್ಳೇದು” ಅಂತ ಶುರು ಮಾಡಿದರು. ರಾಯದುರ್ಗಕ್ಕೆ ಹೋಗಿ ಅಲ್ಲಿಯ ಒಂದು ನರ್ಸಿಂಗ್ ಹೋಮಿನಲ್ಲಿ ಫೆಬ್ರವರಿ ಹದಿನೆಂಟಕ್ಕೆ ನನ್ನ ಹೆಸರಲ್ಲಿ ದಿನ ಹಿಡಿದು, ನಿನಗೆ ಹೇಳಿದರು. ನೀನು ಹೂಂ ಅಂದೆ. ತೆಗೆಸಿದರೆ ಒಂದು ತಿಂಗಳಿಗೆ ಮಿಷನ್ ಮೇಲೆ ಕೂರಬಹುದು ಅಂತ ಸಂಜೀವಪ್ಪನವರೂ ಅಂದರಂತೆ. ನನ್ನ ಗರ್ಭಕೋಶದ ಬಗ್ಗೆ ಯೂನಿಟ್ಟಿನ ಸಾಹುಕಾರನಿಗೂ ಒಂದು ಅಭಿಪ್ರಾಯ ಇದೆ!

ನಾನು ಹಿಂದೂಪುರದಲ್ಲಿ ಕೇಳಿದೆ. ಡಾಕ್ಟರಮ್ಮ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಹೆರಿಗೆಯಾದ ಒಂದೂವರೆ ತಿಂಗಳಿಗೆ ತೆಗೆಯುವ ಅಗತ್ಯ ಏನೂ ಇಲ್ಲ. ತೆಗೆದರೂ ಸಡಿಲವಾದ ತಳ ಗಟ್ಟಿಯಾಗುವುದಿಲ್ಲ, ನಾಳೆ ಬೇರೆಯದು ಜಾರಬಹುದು. ಆರು ತಿಂಗಳು ಭಾರ ಎತ್ತಬಾರದು, ಹೇಳಿಕೊಟ್ಟ ವ್ಯಾಯಾಮವನ್ನು ದಿನಕ್ಕೆ ಮೂರು ಹೊತ್ತು ಮಾಡಬೇಕು, ಬೇಕಾದರೆ ಉಂಗುರ. ಅಷ್ಟಾದರೂ ಸರಿಹೋಗದಿದ್ದರೆ ಗರ್ಭಕೋಶ ಇಟ್ಟುಕೊಂಡೇ ಮೇಲಕ್ಕೆ ಕಟ್ಟುವ ಆಪರೇಷನ್ ಇದೆ. ನನಗೆ ಇಪ್ಪತ್ತನಾಲ್ಕು ವರ್ಷ. ಹದಿನೆಂಟಕ್ಕೆ ನಾನು ಬರುವುದಿಲ್ಲ. ಮಿಷನ್ ಮೇಲೆ ಆಗಸ್ಟ್‌ವರೆಗೆ ಕೂರುವುದಿಲ್ಲ, ಗಂಟು ಎಂದೆಂದಿಗೂ ಹೊರುವುದಿಲ್ಲ. ನೀನು ಬಂದಾಗ ನಾನು ಬೇಡ ಅಂದರೆ ಬೇಡ. ಇವುಗಳಿಗೆ ನಿನ್ನ ಒಪ್ಪಿಗೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಒಪ್ಪಿಗೆಯಾದರೆ ಬಂದು ಮಗನನ್ನು ನೋಡು, ಅಪ್ಪನ ಕೈಯಿಂದ ಆ ಬಿಂದಿಗೆ ತೆಗೆದುಕೊ.

ಅಪ್ಪ ನಿನಗೆ ಆಶೀರ್ವಾದ ಹೇಳಿದ್ದಾರೆ. ರೇಖಾ ನಿನಗೆ ಒಂದು ರೈಲು ಬರೆದಿದ್ದಾಳೆ, ಇದರ ಜೊತೆ ಇಟ್ಟಿದ್ದೇನೆ, ಕಿಟಕಿಯಲ್ಲಿರುವುದು ನೀನಂತೆ. ಹೊತ್ತಿಗೆ ಸರಿಯಾಗಿ ಉಣ್ಣು. ಎಣ್ಣೆ ಹಚ್ಚುವುದು ಮರೆಯಬೇಡ.

ಇಂತಿ ನಿನ್ನ,
ರೇವತಿ

ವಿ.ಸೂ.: ಮಂಗಳವಾರ ಬೆಳಿಗ್ಗೆ, ಲಕೋಟೆ ಅಂಟಿಸುವ ಮೊದಲು. ಈಗಷ್ಟೇ ಪವಿತ್ರ ಹೋಟೆಲಿಗೆ ಫೋನ್ ಮಾಡಿದ್ದಳು. ಅವಳಿಗೂ ಜಾರಿದೆಯಂತೆ, ಹೋದ ವರ್ಷದ ಹೆರಿಗೆಯಿಂದ. ಅವಳಿಗೂ ಅತ್ತೆ ಕಟ್ಟಿದ್ದರಲ್ಲ. ಅವಳ ಗಂಡ ಓಬಳಾಪುರದ ಕಡೆ ಅದಿರಿನ ಲಾರಿಯಲ್ಲಿ ಹದಿನೈದು ದಿನಕ್ಕೊಮ್ಮೆ ಮನೆಗೆ ಬರುವವನು, ಅವನಿಗೆ ಗೊತ್ತೇ ಇಲ್ಲ. ನಾನು ಬರುವುದಿಲ್ಲ ಅಂತ ಹೋದ ವಾರವೇ ಅತ್ತೆಗೆ ಫೋನ್ ಮಾಡಿ ಹೇಳಿದ್ದೆ, ಅದಕ್ಕೆ, ಹಿಡಿದ ದಿನ ಯಾಕೆ ಕೆಡಿಸಬೇಕು ಅಂತ ಅತ್ತೆ ಹದಿನೆಂಟಕ್ಕೆ ಅವಳನ್ನು ಕರೆದುಕೊಂಡು ಹೋಗುತ್ತಾರಂತೆ. ಇಪ್ಪತ್ತೊಂದು ವರ್ಷ, ಒಂದೇ ಮಗು. ಅವಳು ನನ್ನನ್ನು ಕೇಳಿದ್ದು ಒಂದೇ ಮಾತು: “ಅತ್ತಿಗಿ, ಬಾಳ ನೋವಾಗ್ತೈತೇನು?” “ನೀನು ಯಾರಿಗೂ ಹೇಳಬ್ಯಾಡ” ಅಂದಳು. ಹೇಳುತ್ತಿದ್ದೇನೆ. ಅಪ್ಪನ ಮಾತು, ನನ್ನ ಮಾತು ಅತ್ತೆ ಕೇಳುವುದಿಲ್ಲ; ಮಗನ ಮಾತು ಕೇಳುತ್ತಾರೆ, ನನ್ನ ವಿಷಯದಲ್ಲೂ ಅವರಿಗೆ ನಿನ್ನ ಒಂದು ಹೂಂ ಬೇಕಾಯಿತಲ್ಲ. ಈ ಕಾಗದ ನಿನಗೆ ಸಿಗುವ ಹೊತ್ತಿಗೆ ಒಂಬತ್ತೋ ಹತ್ತೋ ತಾರೀಕು ಆಗಿರುತ್ತದೆ. ಸಿಕ್ಕ ದಿನವೇ ಸೇಠ್ ಇರಲಿ, ಯಾರೇ ಇರಲಿ, ಸಂಜೀವಪ್ಪನವರ ಯೂನಿಟ್ಟಿಗೆ ಫೋನ್ ಮಾಡಿ ಅತ್ತೆಯನ್ನು ಕರೆಸು. ಅದು, ಇದು, ಪೀಡೆ ಅನ್ನಬೇಡ. ಪವಿತ್ರಾಗ ಗರ್ಭಕೋಶ ಜಾರೈತಿ, ತೆಗೆಸಬ್ಯಾಡ, ಹಿಂದೂಪುರಕ್ಕ ಕರಕೊಂಡು ಹೋಗು, ಅಂತ ಪೂರ್ತಿ ಬಾಯಿಬಿಟ್ಟು ಹೇಳು. ಹತ್ತು ಗಂಟೆಯ ಮೇಲೆ ಅತ್ತೆ ಅಲ್ಲೇ ಇರುತ್ತಾರೆ.